ಕರಗಿದ ಹಿಮ ಏರಿದಂತೆ ಕಂಡದ್ದು ಹೇಗೆ?

2012ರ ಜುಲೈ ಎರಡನೇ ವಾರ ಗ್ರೀನ್‌ಲ್ಯಾಂಡಿನ ಮೇಲೆ ಬೆಚ್ಚನೆಯ ಗಾಳಿ ಬಂದು ಕೂತಿತು. ಪಶ್ಚಿಮ ಭಾಗದ ಕಾಂಗರ್‌ಲುಸುವಾಕ್ ಊರಿನಲ್ಲಿ ಕರಗಿದ ಹಿಮದ ನೀರು ಹೊತ್ತ ವಾಟ್ಸನ್ ನದಿ ಉಕ್ಕಿ, ಜುಲೈ 11ರಂದು ಅಲ್ಲಿನ ಸೇತುವೆಯ ಒಂದು ಭಾಗವನ್ನು ಕೊಚ್ಚಿಕೊಂಡು ಹೋಯಿತು. ಅದೇ ಹೊತ್ತಿಗೆ ದ್ವೀಪದ ನಟ್ಟನಡುವೆ, ಸಮುದ್ರಮಟ್ಟದಿಂದ 3,200 ಮೀಟರ್ ಎತ್ತರದಲ್ಲಿರುವ ಸಮ್ಮಿಟ್ ನೆಲೆಯಲ್ಲೂ ಹಿಮದ ಮೇಲ್ಪದರ ಒದ್ದೆಯಾಯಿತು. ಅಲ್ಲಿ ನಡುಬೇಸಿಗೆಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೇ ಇರುತ್ತದೆ. ಕೊರೆದು ತೆಗೆದ ಹಿಮದ ಕಂಬಗಳು ಹೇಳುವಂತೆ, ಅದಕ್ಕೂ ಹಿಂದೆ ಅಲ್ಲಿ ಹೀಗೆ ಕರಗಿದ್ದು 1889ರಲ್ಲಿ.

ಇಡೀ ದ್ವೀಪಕ್ಕೆ ಹಬ್ಬಿದ ಈ ಕರಗುವಿಕೆ ಕಣ್ಣಿಗೆ ಬಿದ್ದದ್ದು ಒಂದು ಭಾರತೀಯ ಉಪಗ್ರಹದ ಮಾಹಿತಿಯಲ್ಲಿ. 2009ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಓಷನ್‌ಸ್ಯಾಟ್-2 ಸಮುದ್ರದ ಮೇಲಿನ ಗಾಳಿ ಅಳೆಯಲೆಂದು ಸ್ಕ್ಯಾಟರೋಮೀಟರ್ ಎಂಬ ರಾಡಾರನ್ನು ಹೊತ್ತಿತ್ತು. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಸಾನ್ ಎನ್‌ಗಿಯೆಮ್ ಅದರ ಅಂಕಿಗಳನ್ನು ನೋಡುತ್ತಿದ್ದಾಗ, ಜುಲೈ 12ರಂದು ಗ್ರೀನ್‌ಲ್ಯಾಂಡಿನ ಹೆಚ್ಚುಕಡಿಮೆ ಎಲ್ಲ ಕಡೆಯೂ ಮೇಲ್ಮೈ ಕರಗಿರುವಂತೆ ಕಂಡಿತು. ಮಾಹಿತಿಯಲ್ಲೇ ದೋಷವಿರಬಹುದೇ ಎಂದು ಅವರಿಗೆ ಮೊದಲು ಅನುಮಾನ ಬಂತು. ಬೇರೆ ಉಪಗ್ರಹಗಳ ಉಷ್ಣಾಂಶದ ಅಳತೆ ಮತ್ತು ಮೈಕ್ರೊವೇವ್ ಅಳತೆಗಳನ್ನು ಬೇರೆ ಬೇರೆ ತಜ್ಞರು ಪರಿಶೀಲಿಸಿದ ಮೇಲೆ ಅನುಮಾನ ಉಳಿಯಲಿಲ್ಲ. ಜುಲೈ 8ರಂದು ಸುಮಾರು 40 ಶೇಕಡಾ ಇದ್ದ ಕರಗಿದ ಪ್ರದೇಶ ನಾಲ್ಕೇ ದಿನಗಳಲ್ಲಿ 97 ಶೇಕಡಾ ತಲುಪಿತ್ತು.

ಆ ಬೇಸಿಗೆಯಲ್ಲಿ ಇನ್ನೊಂದು ರಾಡಾರ್ ಕೂಡ ಅದೇ ಹಿಮವನ್ನು ನೋಡುತ್ತಿತ್ತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಕ್ರಯೋಸ್ಯಾಟ್-2 ಹಿಮದ ಎತ್ತರ ಅಳೆಯಲೆಂದೇ 2010ರ ಏಪ್ರಿಲ್‌ನಲ್ಲಿ ಹಾರಿದ ಉಪಗ್ರಹ. ಅದರ ಅಳತೆಯ ಪ್ರಕಾರ, ಕರಗಿದ ಆ ಘಟನೆಯ ನಂತರ ಉತ್ತರ ಗ್ರೀನ್‌ಲ್ಯಾಂಡಿನ ಒಳನಾಡಿನ ಹಿಮ ಸುಮಾರು 56 ಸೆಂಟಿಮೀಟರ್ ಏರಿತ್ತು. ಹಿಮ ಕರಗಿತು, ಎತ್ತರ ಹೆಚ್ಚಿತು!

ಎರಡೂ ಉಪಕರಣಗಳು ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. ಎರಡೂ ಬಳಸಿದ್ದು ಸುಮಾರು 2.2 ಸೆಂಟಿಮೀಟರ್ ಉದ್ದದ ಅಲೆಗಳನ್ನೇ. ಈ ಒಗಟನ್ನು ಬಿಡಿಸಿದರೆ ಧ್ರುವಪ್ರದೇಶದ ರಾಡಾರ್ ಅಳತೆಯ ಅರ್ಧ ವಿದ್ಯೆ ಕೈಗೆ ಬಂದಂತೆ ಎಂದು ನನಗೆ ಅನ್ನಿಸುತ್ತದೆ. ನಾವು ಹಿಮದ ಮೇಲ್ಮೈ ಎನ್ನುವುದು ಕಾಲಿಟ್ಟರೆ ತಾಗುವ ಜಾಗವನ್ನು. ರಾಡಾರಿಗೆ ಮೇಲ್ಮೈ ಎಂದರೆ ಅಲೆ ಎಲ್ಲಿಂದ ತಿರುಗಿ ಬಂತೋ ಆ ಜಾಗ. ಇವೆರಡೂ ಒಂದೇ ಆಗಿರಬೇಕೆಂದಿಲ್ಲ.

ಕತ್ತಲೆಯಲ್ಲಿ ನೋಡುವ ಕಣ್ಣು

ಧ್ರುವಗಳಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ರಾತ್ರಿ. ಬೆಳಕಿರುವ ತಿಂಗಳುಗಳಲ್ಲಿ ಮೋಡ ಕವಿದಿರುತ್ತದೆ. ಮೋಡವೂ ಬಿಳಿ, ಕೆಳಗಿನ ಹಿಮವೂ ಬಿಳಿ. ಬೆಳಕಿನ ಕ್ಯಾಮೆರಾ ಇಲ್ಲಿ ವರ್ಷದ ಬಹುಪಾಲು ಕೆಲಸಕ್ಕೆ ಬಾರದು. ರಾಡಾರ್ ತನ್ನ ಅಲೆಯನ್ನು ತಾನೇ ಕಳಿಸಿ, ತಿರುಗಿ ಬಂದದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಸೂರ್ಯ ಬೇಕಿಲ್ಲ, ಮೋಡವೂ ಅಡ್ಡಿಯಲ್ಲ. 2017ರ ಜುಲೈನಲ್ಲಿ ಅಂಟಾರ್ಕ್ಟಿಕಾದ ಲಾರ್ಸೆನ್-ಸಿ ಹಿಮದ ಚಾಚಿನಿಂದ ಸುಮಾರು 5,800 ಚದರ ಕಿಲೋಮೀಟರಿನ ಎ-68 ಎಂಬ ಬೃಹತ್ ತುಂಡು ಕಳಚಿಕೊಂಡಾಗ ಅಲ್ಲಿ ನಡುಚಳಿಗಾಲ. ಬಿರುಕು ಉದ್ದವಾಗುತ್ತ ಹೋದದ್ದನ್ನು ಆ ಕತ್ತಲೆಯಲ್ಲಿ ವಾರವಾರವೂ ತೋರಿಸಿದ್ದು ಸೆಂಟಿನೆಲ್-1 ಉಪಗ್ರಹಗಳ ರಾಡಾರ್.

ರಾಡಾರುಗಳಲ್ಲೂ ಬಗೆಗಳಿವೆ. ಆಲ್ಟಿಮೀಟರ್, ಅಂದರೆ ಎತ್ತರಮಾಪಕ, ನೇರ ಕೆಳಗೆ ನೋಡಿ ಸಮಯ ಅಳೆಯುತ್ತದೆ. ಸ್ಕ್ಯಾಟರೋಮೀಟರ್ ಓರೆಯಾಗಿ ನೋಡಿ, ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಬಂತು ಎಂಬುದನ್ನು ಅಳೆಯುತ್ತದೆ. ಇನ್ನೊಂದು ಬಗೆ ಪಕ್ಕಕ್ಕೆ ನೋಡುತ್ತ ಸಾಗಿ, ದಾರಿಯುದ್ದಕ್ಕೂ ಸಂಗ್ರಹಿಸಿದ ಮಾರ್ದನಿಗಳನ್ನು ಕೂಡಿಸಿ ಚಿತ್ರ ಕಟ್ಟುತ್ತದೆ. ಇದಕ್ಕೆ ಸಿಂಥೆಟಿಕ್ ಅಪರ್ಚರ್ ರಾಡಾರ್ ಎಂದು ಹೆಸರು, ಬಳಕೆಯಲ್ಲಿ 'ಸಾರ್'.

ಒದ್ದೆಯಾದೊಡನೆ ಕಪ್ಪಾಗುವ ಹಿಮ

ಮೊದಲು ಓಷನ್‌ಸ್ಯಾಟ್ ಕಂಡದ್ದನ್ನು ನೋಡೋಣ. ಅದರ ಸ್ಕ್ಯಾಟರೋಮೀಟರಿನ 1 ಮೀಟರ್ ಅಗಲದ ತಟ್ಟೆ ಸುತ್ತುತ್ತ ಕೆಳಗಿನ ಅಗಲವಾದ ಪಟ್ಟಿಯ ಮೇಲೆ ಓರೆಯಾಗಿ ಅಲೆ ಎರಚುತ್ತಿತ್ತು. ಕಡಲಿನಲ್ಲಿ ಗಾಳಿ ಎಬ್ಬಿಸಿದ ಕಿರುತೆರೆಗಳಿಂದ ಎಷ್ಟು ಅಲೆ ತಿರುಗಿ ಬಂತು ಎಂಬುದರಿಂದ ಗಾಳಿಯ ವೇಗ ತಿಳಿಯಬೇಕು, ಅದು ಮೂಲ ಉದ್ದೇಶ. ಆದರೆ ಉಪಗ್ರಹದ ಕಕ್ಷೆ ಧ್ರುವಗಳ ಹತ್ತಿರವೂ ಹಾಯುತ್ತದೆ. ಅಲ್ಲಿ ಕೆಳಗೆ ಸಿಗುವುದು ಹಿಮ.

ಒಣ ಹಿಮ ರಾಡಾರ್ ಅಲೆಗೆ ತಕ್ಕಮಟ್ಟಿಗೆ ಪಾರದರ್ಶಕ. 2.2 ಸೆಂಟಿಮೀಟರ್ ಅಲೆಯ ಮುಂದೆ ಮಿಲಿಮೀಟರ್ ಗಾತ್ರದ ಹಿಮದ ಹರಳು ಬಹಳ ಚಿಕ್ಕದು. ಅಲೆ ಒಳಗೆ ನುಗ್ಗಿ, ಪದರ ಪದರವಾಗಿ ಇಳಿದು, ಹರಳುಗಳಿಗೂ ನಡುನಡುವಿನ ಮಂಜುಗಡ್ಡೆಗಳಿಗೂ ತಾಗಿ ಚೆದುರಿ, ಅದರಲ್ಲಿ ಒಂದಷ್ಟು ಹಿಂದಕ್ಕೆ ಬರುತ್ತದೆ. ಕೆಲವು ಮೀಟರ್ ಆಳದಿಂದ ಬಂದ ಮಾರ್ದನಿಯೂ ಅದರಲ್ಲಿ ಸೇರಿರುತ್ತದೆ.

ಹರಳುಗಳ ನಡುವೆ ನೀರಿನ ತೆಳುವಾದ ಲೇಪ ಬಂದರೆ ಸಾಕು, ಕಥೆ ಬದಲಾಗುತ್ತದೆ. ಫ್ರೀಜರಿನಿಂದ ತೆಗೆದ ಸಾರನ್ನು ಮೈಕ್ರೊವೇವ್ ಒಲೆಯಲ್ಲಿ ಬಿಸಿಮಾಡಿದವರು ಗಮನಿಸಿರುತ್ತೀರಿ: ಅಂಚಿನಲ್ಲಿ ಕರಗಿದ ಸಾರು ಕುದಿಯುತ್ತಿದ್ದರೂ ನಡುವಿನ ಗಡ್ಡೆ ಹಾಗೇ ತಣ್ಣಗಿರುತ್ತದೆ. ದ್ರವರೂಪದ ನೀರಿನ ಅಣುಗಳು ಅಲೆಯ ತಾಳಕ್ಕೆ ತಿರುಗಾಡಿ ಅದರ ಶಕ್ತಿಯನ್ನು ಹೀರುತ್ತವೆ. ಗಡ್ಡೆಯಲ್ಲಿ ಅವು ಕಟ್ಟಿಹಾಕಿದಂತಿರುವುದರಿಂದ ಅಲೆ ಹೆಚ್ಚು ನಷ್ಟವಿಲ್ಲದೆ ದಾಟಿಹೋಗುತ್ತದೆ. ಹಿಮದಲ್ಲೂ ಇದೇ. ಒದ್ದೆ ಹಿಮದೊಳಗೆ ಅಲೆ ಕೆಲವೇ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಕರಗಿಹೋಗುತ್ತದೆ. ಆಳದಿಂದ ಬರುತ್ತಿದ್ದ ಮಾರ್ದನಿ ನಿಂತುಬಿಡುತ್ತದೆ. ಮೇಲ್ಗಡೆ ಅಷ್ಟಿಷ್ಟು ಪ್ರತಿಫಲನವಾದರೂ ಅಲೆ ಓರೆಯಾಗಿ ಬಿದ್ದಿರುವುದರಿಂದ ಆಚೆ ದಿಕ್ಕಿಗೆ ಹಾರಿಹೋಗುತ್ತದೆ. ತಿರುಗಿ ಬರುವ ಶಕ್ತಿ ಅರ್ಧಕ್ಕೂ ಕೆಳಗೆ ಇಳಿಯುವುದು ಸಾಮಾನ್ಯ.

ಅಂದರೆ ನಿನ್ನೆ ಹೊಳೆಯುತ್ತಿದ್ದ ಜಾಗ ಇಂದು ಮಂಕಾಗುತ್ತದೆ. ಕರಗುವಿಕೆಯನ್ನು ಹಿಡಿಯಲು ಇದಕ್ಕಿಂತ ಸರಳವಾದ ಗುರುತು ಇಲ್ಲ. 2012ರ ಜುಲೈ 12ರಂದು ಮಂಕಾದದ್ದು ಹೆಚ್ಚುಕಡಿಮೆ ಇಡೀ ಗ್ರೀನ್‌ಲ್ಯಾಂಡ್. ಕಡಲ ಗಾಳಿಗೆಂದು ಮಾಡಿದ ಉಪಕರಣ ಹಿಮದ ಇಂಥ ಸುದ್ದಿ ತಂದದ್ದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಬಾವಿಗೆ ಹಾಕಿದ ಕಲ್ಲು

ಎತ್ತರಮಾಪಕದ ತತ್ವ ಇನ್ನೂ ಹಳೆಯದು. ಬಾವಿಗೆ ಕಲ್ಲು ಹಾಕಿ, ಸದ್ದು ಬರುವ ತನಕ ಎಣಿಸಿ, ನೀರು ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡುತ್ತೇವಲ್ಲ, ಅದೇ. ಕ್ರಯೋಸ್ಯಾಟ್ ಸುಮಾರು 717 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗಿ ಬರಲು ಹಿಡಿಯುವ ಸಮಯ 5 ಮಿಲಿಸೆಕೆಂಡಿಗಿಂತ ತುಸು ಕಡಿಮೆ. ಆ ಸಮಯವನ್ನು ಅಳೆಯುವಾಗ ಒಂದು ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ ಎತ್ತರದಲ್ಲಿ 15 ಸೆಂಟಿಮೀಟರ್ ತಪ್ಪುತ್ತದೆ. ಉಪಗ್ರಹ ಆ ಕ್ಷಣದಲ್ಲಿ ಎಲ್ಲಿತ್ತು ಎಂಬುದೂ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಗೊತ್ತಿರಬೇಕು. ವಾಯುಮಂಡಲ ಅಲೆಯನ್ನು ಕೊಂಚ ನಿಧಾನಗೊಳಿಸುತ್ತದೆ. ಅದಕ್ಕೊಂದು ತಿದ್ದುಪಡಿ ಬೇಕು, ಉಬ್ಬರವಿಳಿತಕ್ಕೆ ಇನ್ನೊಂದು. ಇವೆಲ್ಲ ದಶಕಗಳಿಂದ ಪಳಗಿದ ಲೆಕ್ಕಗಳು.

ಪಳಗದ ಲೆಕ್ಕ ಹಿಮದ್ದು. ಬಾವಿಯ ನೀರಿಗೆ ಒಂದೇ ಮೇಲ್ಮೈ, ಒಂದೇ ಸದ್ದು. ಹಿಮದಿಂದ ಬರುವ ಸದ್ದು ಹರಡಿಕೊಂಡಿರುತ್ತದೆ. ಅದನ್ನು ಗ್ರಾಫ್ ಕಾಗದದ ಮೇಲೆ ಎಳೆದರೆ ಒಂದು ಗುಡ್ಡದಂತೆ ಕಾಣುತ್ತದೆ: ಮೊದಲು ಏನೂ ಇಲ್ಲ, ಆಮೇಲೆ ಏರು, ಆಮೇಲೆ ನಿಧಾನವಾದ ಇಳಿಜಾರು. ತಿಳಿಯಾದ ಸಮುದ್ರದ ಮೇಲೆ ಈ ಏರು ಗೋಡೆಯಂತೆ ಕಡಿದು. ಒಣ ಹಿಮದ ಮೇಲೆ ಮೊದಲು ಮೇಲ್ಪದರದ ಸಣ್ಣ ಮಾರ್ದನಿ, ಅದರ ಬೆನ್ನಿಗೆ ಒಳಪದರಗಳದ್ದು, ಇನ್ನೂ ಆಳದ್ದು. ಎಲ್ಲ ಒಂದರ ಮೇಲೊಂದು ಬಿದ್ದು ಏರು ಸೋಂಬೇರಿಯಾಗುತ್ತದೆ.

ಈ ಗುಡ್ಡದ ಏರಿನಲ್ಲಿ ಯಾವ ಬಿಂದುವನ್ನು ಹಿಮದ ಮೇಲ್ಮೈ ಎಂದು ಗುರುತಿಸಬೇಕು? ಬುಡದ ಹತ್ತಿರ ಗುರುತಿಟ್ಟರೆ ನಿಜವಾದ ಮೇಲ್ಮೈಗೆ ಸಮೀಪ, ಆದರೆ ಅಲ್ಲಿ ಸದ್ದುಗದ್ದಲ ಹೆಚ್ಚು. ಅರ್ಧದಲ್ಲಿ ಗುರುತಿಟ್ಟರೆ ಅಳತೆ ಸ್ಥಿರವಾಗಿರುತ್ತದೆ, ಆದರೆ ಅದು ಸೂಚಿಸುವ ಎತ್ತರ ಹಿಮದ ಒಳಗೆಲ್ಲೋ ಇರುತ್ತದೆ. ಭೂಮಿಗೆ ಬಂದ ಮಾಹಿತಿಯ ಮೇಲೆ ಕುಳಿತು ಈ ಗುರುತನ್ನು ಮತ್ತೆ ಮತ್ತೆ ಸರಿಪಡಿಸುವ ಕೆಲಸಕ್ಕೆ ರಿಟ್ರ್ಯಾಕಿಂಗ್ ಎನ್ನುತ್ತಾರೆ. ಹೆಸರು ಕೇಳಲು ಗುಮಾಸ್ತರ ಕೆಲಸದಂತಿದೆ. ಆದರೆ ಹಿಮದ ಎತ್ತರದ ಬಗ್ಗೆ ನಾವು ಓದುವ ಸುದ್ದಿಗಳೆಲ್ಲ ಕೊನೆಗೆ ನಿಂತಿರುವುದು ಈ ಗುರುತಿನ ಮೇಲೆ.

ಈಗ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಜುಲೈಗೆ ಮೊದಲು ಒಳನಾಡಿನ ಹಿಮ ಸಕ್ಕರೆಯ ರಾಶಿಯಂತೆ ಒಣಗಿ, ಬಿಡಿಬಿಡಿಯಾಗಿತ್ತು. ರಾಡಾರ್ ಅಲೆ ಒಳಗೆ ಇಳಿಯುತ್ತಿತ್ತು, ಗುರುತು ನಿಜವಾದ ಮೇಲ್ಮೈಗಿಂತ ಕೆಳಗೆ ಬೀಳುತ್ತಿತ್ತು. ಆ ವಾರ ಮೇಲ್ಪದರ ಕರಗಿ ನೀರು ಕೆಳಕ್ಕೆ ಜಿನುಗಿತು. ಬೆಚ್ಚನೆಯ ಗಾಳಿ ಸರಿದ ಮೇಲೆ ಆ ನೀರು ಮತ್ತೆ ಹೆಪ್ಪುಗಟ್ಟಿ ಸಕ್ಕರೆ ಕಲ್ಲುಸಕ್ಕರೆಯಾಯಿತು. ಮೇಲ್ಮೈಯ ಹತ್ತಿರವೇ ಗಟ್ಟಿ ಗಡ್ಡೆಯ ಒಂದು ಪದರ ಹಾಸಿಕೊಂಡಿತು. ಅಲೆಗೆ ಈಗ ಅಲ್ಲೇ ತಡೆ, ಅಲ್ಲಿಂದಲೇ ಬಲವಾದ ಮಾರ್ದನಿ. ಗುಡ್ಡದ ಏರು ಕಡಿದಾಯಿತು, ಗುರುತು ಮೇಲಕ್ಕೆ ಜಿಗಿಯಿತು. ಹಿಮ ಏರಲಿಲ್ಲ, ಅಲೆ ಇಳಿಯುವುದನ್ನು ನಿಲ್ಲಿಸಿತು ಅಷ್ಟೇ.

ಇದನ್ನು ಊಹೆಯಾಗಿ ಉಳಿಸದೆ ಗಟ್ಟಿಮಾಡಿದ್ದು ನೆಲದ ಮೇಲಿನ ಒಂದು ಗುಂಡಿ. ಉತ್ತರ ಗ್ರೀನ್‌ಲ್ಯಾಂಡಿನ ನೀಮ್ ಶಿಬಿರದಲ್ಲಿ ಆ ವರ್ಷಗಳಲ್ಲಿ ಹಿಮದ ಕೊರೆತ ನಡೆಯುತ್ತಿತ್ತು. ಅಲ್ಲಿದ್ದವರು ಸನಿಕೆ ಹಿಡಿದು ಹಿಮದಲ್ಲಿ ಗುಂಡಿ ತೋಡಿ, ಪದರಗಳನ್ನು ನೋಡಿ ಬರೆದಿಟ್ಟಿದ್ದರು. ಆ ಟಿಪ್ಪಣಿಗಳನ್ನು ಕ್ರಯೋಸ್ಯಾಟ್ ಮಾರ್ದನಿಯ ಆಕಾರದ ಪಕ್ಕದಲ್ಲಿಟ್ಟು ನೋಡಿದ ಸಂಶೋಧಕರು 2015ರಲ್ಲಿ ತಮ್ಮ ಲೆಕ್ಕ ಪ್ರಕಟಿಸಿದರು: ಏರಿದಂತೆ ಕಂಡದ್ದು 56 ಸೆಂಟಿಮೀಟರ್, 26 ಸೆಂಟಿಮೀಟರ್ ಆಚೀಚೆ. ಕಾರಣ, ಮತ್ತೆ ಹೆಪ್ಪುಗಟ್ಟಿದ ಪದರ.

ಈ 56 ಸೆಂಟಿಮೀಟರ್ ಎಷ್ಟು ದೊಡ್ಡದು? 1992ರಿಂದ 2018ರ ತನಕ ಗ್ರೀನ್‌ಲ್ಯಾಂಡ್ ಕಳೆದುಕೊಂಡ ಹಿಮ ಸುಮಾರು 3,900 ಶತಕೋಟಿ ಟನ್ ಎಂದು ಹಲವು ಉಪಗ್ರಹಗಳ ಅಳತೆಗಳನ್ನು ಒಟ್ಟುಗೂಡಿಸಿದ ಅಂತರರಾಷ್ಟ್ರೀಯ ತಂಡವೊಂದು ಹೇಳಿದೆ. ಅದರಿಂದ ಜಗತ್ತಿನ ಸಮುದ್ರಮಟ್ಟ ಸುಮಾರು 10.8 ಮಿಲಿಮೀಟರ್ ಏರಿದೆ. ಆ ನಷ್ಟವನ್ನು ಸುಮಾರು 17 ಲಕ್ಷ ಚದರ ಕಿಲೋಮೀಟರಿನ ಹಿಮದ ಹಾಸಿನ ಮೇಲೆ ಸಮನಾಗಿ ಹಂಚಿದರೆ ವರ್ಷಕ್ಕೆ ಸುಮಾರು 9 ಸೆಂಟಿಮೀಟರ್ ನೀರಿನಷ್ಟಾಗುತ್ತದೆ. ನಿಜದಲ್ಲಿ ನಷ್ಟ ಅಂಚುಗಳಲ್ಲೇ ಹೆಚ್ಚು. ಆದರೂ ಹುಸಿ ಏರಿಕೆಯೊಂದು ಹಲವು ವರ್ಷಗಳ ನಿಜವಾದ ಇಳಿಕೆಯನ್ನು ಮುಚ್ಚಿಬಿಡಬಹುದು ಎಂಬುದು ಈ ಸರಳ ಲೆಕ್ಕದಿಂದ ಸ್ಪಷ್ಟ. ಯಾರಾದರೂ ಒಂದೇ ಉಪಗ್ರಹದ ಒಂದೆರಡು ವರ್ಷದ ಎತ್ತರದ ನಕ್ಷೆ ತೋರಿಸಿ ಹಿಮ ಬೆಳೆಯುತ್ತಿದೆ ಎಂದರೆ, ಆ ನಡುವೆ ಅಲ್ಲಿ ಕರಗಿ ಹೆಪ್ಪುಗಟ್ಟಿದ್ದುಂಟೇ ಎಂದು ಮೊದಲು ಕೇಳಬೇಕು.

ಹುಸಿಯನ್ನು ಸೋಸುವುದು

ಸೋಸಲು ದಾರಿಗಳಿವೆ. ಉಪಗ್ರಹದ ಉತ್ತರಮುಖ ದಾರಿಯೂ ದಕ್ಷಿಣಮುಖ ದಾರಿಯೂ ಒಂದನ್ನೊಂದು ದಾಟುವ ಜಾಗಗಳಲ್ಲಿ ಒಂದೇ ನೆಲವನ್ನು ಎರಡು ಸಲ ಅಳೆದಂತಾಗುತ್ತದೆ. ಅಲ್ಲಿ ಎತ್ತರದ ಜೊತೆಗೆ ಮಾರ್ದನಿಯ ಬಲ ಮತ್ತು ಏರಿನ ಕಡಿದುತನವೂ ಬದಲಾಗಿದ್ದರೆ, ಬದಲಾದದ್ದು ಎತ್ತರವೋ ಹಿಮದ ಗುಣವೋ ಎಂದು ಸಂಶಯಪಡಬಹುದು. ಅವುಗಳ ನಡುವಿನ ಸಂಬಂಧ ಕಂಡುಕೊಂಡು ಅಷ್ಟನ್ನು ಕಳೆಯುತ್ತಾರೆ.

ಇನ್ನೊಂದು ದಾರಿ, ಅಲೆಯ ಉದ್ದವನ್ನೇ ಬದಲಿಸುವುದು. 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ20 ಹೊತ್ತೊಯ್ದ ಸರಳ್ ಉಪಗ್ರಹ ಇಲ್ಲಿ ನೆನೆಯಬೇಕಾದದ್ದು. ಉಪಗ್ರಹದ ಒಡಲು ಇಸ್ರೋದ್ದು, ಅದರ ಆಲ್ಟಿಕಾ ಎತ್ತರಮಾಪಕ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯದು. ಅಲೆಯ ಉದ್ದ ಸುಮಾರು 8 ಮಿಲಿಮೀಟರ್. ಅಷ್ಟು ಚಿಕ್ಕ ಅಲೆಯಲ್ಲಿ ಹಿಮ ಅಳೆದ ಮೊದಲ ಉಪಗ್ರಹ ಎತ್ತರಮಾಪಕ ಅದು. ಅಲೆ ಚಿಕ್ಕದಾದಷ್ಟೂ ಹಿಮದ ಹರಳು ಅದಕ್ಕೆ ದೊಡ್ಡದಾಗಿ ಕಾಣುತ್ತದೆ, ಬೇಗ ಚೆದುರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಸರಳ್ ಕಂಡ ಮೇಲ್ಮೈ ಕಾಲಿಡುವ ಮೇಲ್ಮೈಗೆ ಹೆಚ್ಚು ಹತ್ತಿರ. ಕ್ರಯೋಸ್ಯಾಟ್ ಕಂಡದ್ದು ಅದಕ್ಕಿಂತ ಆಳದ್ದು. ಎರಡರ ವ್ಯತ್ಯಾಸವೇ ಉಪಯುಕ್ತ ಮಾಹಿತಿ: ಉತ್ತರ ಧ್ರುವದ ಸುತ್ತ ತೇಲುವ ಕಡಲಗಡ್ಡೆಯ ಮೇಲೆ ಎಷ್ಟು ದಪ್ಪ ಹಿಮ ಕೂತಿದೆ ಎಂದು ಅಂದಾಜಿಸಲು ಅದನ್ನು ಬಳಸಿದ್ದಾರೆ.

ಲೇಸರ್ ಬೆಳಕು ಹಿಮದೊಳಗೆ ಇಷ್ಟೊಂದು ಇಳಿಯುವುದಿಲ್ಲ. 2018ರಲ್ಲಿ ಹಾರಿದ ನಾಸಾದ ಐಸ್‌ಸ್ಯಾಟ್-2 ಲೇಸರಿನಿಂದ ಎತ್ತರ ಅಳೆಯುತ್ತದೆ. ಮೋಡ ಬಂದರೆ ಅದಕ್ಕೆ ಕಣ್ಣಿಲ್ಲ, ಆದರೆ ಕಂಡಾಗ ಕಾಣುವುದು ಹೆಚ್ಚುಕಡಿಮೆ ನಿಜವಾದ ಮೇಲ್ಮೈ. 2020ರ ಜುಲೈನಲ್ಲಿ ಕ್ರಯೋಸ್ಯಾಟ್‌ನ ಕಕ್ಷೆಯನ್ನು ಸುಮಾರು 900 ಮೀಟರ್ ಮೇಲಕ್ಕೇರಿಸಿ, ಎರಡೂ ಉಪಗ್ರಹಗಳು ಆಗಾಗ ಒಂದೇ ಹಿಮದ ಮೇಲೆ ಕೆಲವು ಗಂಟೆಗಳ ಅಂತರದಲ್ಲಿ ಹಾಯುವಂತೆ ಹೊಂದಿಸಿದರು. ಹತ್ತು ವರ್ಷ ಹಳೆಯ ಉಪಗ್ರಹವನ್ನು ಹೊಸ ಜೊತೆಗಾರನಿಗಾಗಿ ಸರಿಸಿದ ಈ ಕೆಲಸ ನನ್ನ ದೃಷ್ಟಿಯಲ್ಲಿ ಹೊಸ ಉಪಗ್ರಹ ಹಾರಿಸಿದಷ್ಟೇ ಬೆಲೆಯುಳ್ಳದ್ದು.

ಇಳಿಜಾರಿನ ಮೋಸ

ಹಿಮದ ಗುಣ ಬದಿಗಿಟ್ಟರೂ ಇನ್ನೊಂದು ತೊಡಕು ಉಳಿಯುತ್ತದೆ. ನೇರ ಕೆಳಗೆ ನೋಡುವ ರಾಡಾರಿನ ಅಲೆಗಳ ಪುಂಜವೂ ನೆಲ ಮುಟ್ಟುವಷ್ಟರಲ್ಲಿ ಹಲವು ಕಿಲೋಮೀಟರ್ ಅಗಲವಾಗಿರುತ್ತದೆ. ಮೊದಲ ಮಾರ್ದನಿ ಬರುವುದು ನೇರ ಕೆಳಗಿನ ಜಾಗದಿಂದಲ್ಲ, ಉಪಗ್ರಹಕ್ಕೆ ಅತ್ಯಂತ ಹತ್ತಿರದ ಜಾಗದಿಂದ. ನೆಲ ಅರ್ಧ ಡಿಗ್ರಿ ಓರೆಯಾಗಿದೆ ಎನ್ನಿ. ಕಿಲೋಮೀಟರಿಗೆ 9 ಮೀಟರ್ ಏರು, ನಡೆಯುವವರ ಅರಿವಿಗೂ ಬಾರದಷ್ಟು. 717 ಕಿಲೋಮೀಟರ್ ಮೇಲಿನಿಂದ ನೋಡುವ ರಾಡಾರಿಗೆ ಅತಿ ಹತ್ತಿರದ ಜಾಗ ಆಗ ಏರಿನ ಕಡೆಗೆ 6 ಕಿಲೋಮೀಟರ್ ಸರಿದಿರುತ್ತದೆ. ಅದನ್ನು ನೇರ ಕೆಳಗಿನದೆಂದು ತಿಳಿದರೆ ಎತ್ತರದಲ್ಲಿ ಸುಮಾರು 27 ಮೀಟರ್ ತಪ್ಪು. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನಡುಭಾಗ ಚಪ್ಪಟೆ. ಹಿಮ ನಿಜವಾಗಿ ಕಳೆದುಹೋಗುತ್ತಿರುವುದು ಇಳಿಜಾರಾದ ಅಂಚುಗಳಲ್ಲಿ. ಅಂದರೆ ಅಳತೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಹಳೆಯ ಎತ್ತರಮಾಪಕಗಳು ಎಡವುತ್ತಿದ್ದವು.

ಕ್ರಯೋಸ್ಯಾಟ್ ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಎರಡು ಕಿವಿಗಳದ್ದೇ. ಬಲಗಡೆಯ ಸದ್ದು ಬಲಗಿವಿಗೆ ಕೂದಲೆಳೆಯಷ್ಟು ಮೊದಲು ತಲುಪುವುದರಿಂದ ದಿಕ್ಕು ತಿಳಿಯುತ್ತದೆ. ಈ ಉಪಗ್ರಹದಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು ಅಂತರದಲ್ಲಿ ಎರಡು ಆಂಟೆನಾಗಳಿವೆ. ಒಂದೇ ಮಾರ್ದನಿ ಎರಡನ್ನೂ ತಲುಪುವಾಗ ಅಲೆಯ ಹಂತದಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸದಿಂದ ಅದು ಯಾವ ಕಡೆಯಿಂದ ಬಂತೆಂದು ಲೆಕ್ಕ ಹಾಕುತ್ತಾರೆ. ಸಾಗುವ ದಿಕ್ಕಿನಲ್ಲಿ 'ಸಾರ್' ತಂತ್ರ ಬಳಸಿ ಅಗಲವಾದ ಪುಂಜವನ್ನು ಸುಮಾರು 300 ಮೀಟರ್ ಪಟ್ಟಿಗಳಾಗಿ ಸೀಳುತ್ತಾರೆ. ಕಕ್ಷೆಯನ್ನು 88 ಡಿಗ್ರಿ ಅಕ್ಷಾಂಶದ ತನಕ ಒಯ್ದಿರುವುದರಿಂದ ಧ್ರುವದ ಸುತ್ತ ಉಳಿಯುವ ಕುರುಡು ವೃತ್ತವೂ ಚಿಕ್ಕದು. ಈ ಯೋಜನೆಯ ಮೊದಲ ಉಪಗ್ರಹ 2005ರ ಅಕ್ಟೋಬರಿನಲ್ಲಿ ರಾಕೆಟ್ ವಿಫಲವಾಗಿ ನಾಶವಾಗಿತ್ತು. ಅದನ್ನು ಮತ್ತೆ ಕಟ್ಟಿ ಕಳಿಸುವ ತೀರ್ಮಾನ ಆಗದಿದ್ದರೆ ಈ ಅಂಚುಗಳ ಚಿತ್ರ ಇಂದಿಗೂ ಮಸುಕಾಗಿಯೇ ಇರುತ್ತಿತ್ತು.

ತೇಲುವ ಗಡ್ಡೆಯ ದಪ್ಪ

ಸಮುದ್ರದ ನೀರೇ ಹೆಪ್ಪುಗಟ್ಟಿ ತೇಲುವ ಕಡಲಗಡ್ಡೆಯ ವಿಷಯ ಬೇರೆ. ಅದು ನೀರಿನ ಮೇಲೆ ಎಷ್ಟು ಎದ್ದಿದೆ ಎಂದು ಅಳೆದರೆ ದಪ್ಪ ಗೊತ್ತಾಗುತ್ತದೆ. ಗಡ್ಡೆಗಳ ನಡುವಿನ ಬಿರುಕಿನಲ್ಲಿ ಕಾಣುವ ನಿಶ್ಚಲ ನೀರು ಕನ್ನಡಿಯಂತೆ ಚೂಪಾದ ಮಾರ್ದನಿ ಕೊಡುತ್ತದೆ, ಒರಟು ಗಡ್ಡೆ ಸುಣ್ಣ ಬಳಿದ ಗೋಡೆಯಂತೆ ಹರಡಿದ್ದನ್ನು. ಎರಡನ್ನೂ ಬೇರ್ಪಡಿಸಿ ಎತ್ತರದ ವ್ಯತ್ಯಾಸ ತೆಗೆಯುತ್ತಾರೆ. ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರಿನ ಕೆಳಗಿರುವುದರಿಂದ ಮೇಲೆ 1 ಸೆಂಟಿಮೀಟರ್ ತಪ್ಪಿದರೆ ದಪ್ಪದಲ್ಲಿ ಸುಮಾರು 10 ಸೆಂಟಿಮೀಟರ್ ತಪ್ಪುತ್ತದೆ. ಗಡ್ಡೆಯ ಮೇಲೆ ಕೂತ ಹಿಮದ ಭಾರ ಎಷ್ಟು ಎಂಬುದಕ್ಕೆ ಬಹುಕಾಲ ಆಧಾರವಾಗಿದ್ದದ್ದು 1954ರಿಂದ 1991ರ ತನಕ ಗಡ್ಡೆಗಳ ಮೇಲೇ ತೇಲುತ್ತ ವಾಸಿಸಿದ ಸೋವಿಯತ್ ನೆಲೆಗಳವರು ಕೋಲಿನಿಂದ ಅಳೆದ ಅಂಕಿಗಳು. ಬೇಸಿಗೆಯಲ್ಲಿ ಗಡ್ಡೆಗಳ ಮೇಲೆ ನಿಂತ ಕರಗಿದ ನೀರಿನ ಹೊಂಡಗಳೂ ಬಿರುಕಿನಂತೆಯೇ ಹೊಳೆದು ದಾರಿ ತಪ್ಪಿಸುತ್ತಿದ್ದವು. ಅವನ್ನು ಬೇರ್ಪಡಿಸಿ ವರ್ಷವಿಡೀ ದಪ್ಪದ ದಾಖಲೆ ಸಿದ್ಧಪಡಿಸಲು 2022ರ ತನಕ ಕಾಯಬೇಕಾಯಿತು.

ನಡೆಯುವ ಹಿಮ

ಹಿಮದ ಮೇಲ್ಮೈ ಏರಿಳಿಯುವುದಷ್ಟೇ ಅಲ್ಲ, ಹಿಮ ಹರಿಯುತ್ತದೆ ಕೂಡ. ಇದನ್ನು ಅಳೆಯಲು 'ಸಾರ್' ಚಿತ್ರಗಳು ಬೇಕು. ಒಂದೇ ಜಾಗದ ಚಿತ್ರವನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಸಲ ತೆಗೆದು, ಅಲೆಯ ಹಂತಗಳನ್ನು ಒಂದರಿಂದೊಂದು ಕಳೆದರೆ ಕಾಮನಬಿಲ್ಲಿನಂಥ ಪಟ್ಟೆಗಳು ಮೂಡುತ್ತವೆ. 5.6 ಸೆಂಟಿಮೀಟರ್ ಅಲೆಯಲ್ಲಿ ಒಂದು ಪಟ್ಟೆ ಎಂದರೆ ರಾಡಾರ್ ನೋಡುವ ದಿಕ್ಕಿನಲ್ಲಿ 2.8 ಸೆಂಟಿಮೀಟರ್ ಸರಿದಿದೆ ಎಂದರ್ಥ. 1991ರಲ್ಲಿ ಹಾರಿದ ಇಆರ್‌ಎಸ್-1 ಉಪಗ್ರಹದ ಚಿತ್ರಗಳಿಂದ ಅಂಟಾರ್ಕ್ಟಿಕಾದ ರಟ್‌ಫರ್ಡ್ ಹಿಮಪ್ರವಾಹದ ಚಲನೆಯನ್ನು ಹೀಗೆ ಅಳೆದು 1993ರಲ್ಲಿ ಪ್ರಕಟಿಸಿದರು.

ಅದರಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಹಿಮನದಿಯ ತುದಿ ಕಡಲಿನ ಮೇಲೆ ತೇಲುವಾಗ ಉಬ್ಬರವಿಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ. ನೆಲಕ್ಕೆ ಕಚ್ಚಿಕೊಂಡ ಭಾಗ ಅಲುಗುವುದಿಲ್ಲ. ಇವೆರಡರ ನಡುವೆ, ಬಾಗಿಲಿನ ತಿರುಗಣೆಯಂತೆ ಹಿಮ ಬಾಗುವ ಜಾಗದಲ್ಲಿ, ಪಟ್ಟೆಗಳು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ನೂರಾರು ಮೀಟರ್ ಹಿಮದ ಅಡಿಯಲ್ಲಿ ಕಡಲು ಎಲ್ಲಿಯ ತನಕ ನುಗ್ಗಿದೆ ಎಂಬುದನ್ನು ಮೇಲಿನ ಪಟ್ಟೆಗಳು ತೋರಿಸುತ್ತವೆ. ಹಿಮ ನೆಲ ಬಿಟ್ಟು ತೇಲತೊಡಗುವ ಈ ಗೆರೆಯನ್ನೇ ಹಿಡಿದು ವಿಜ್ಞಾನಿ ಎರಿಕ್ ರಿನ್ಯೋ ಅವರು ಪಶ್ಚಿಮ ಅಂಟಾರ್ಕ್ಟಿಕಾದ ಪೈನ್ ಐಲ್ಯಾಂಡ್ ಹಿಮನದಿಯಲ್ಲಿ ಆ ಗೆರೆ 1992ರಿಂದ 1996ರ ತನಕ ವರ್ಷಕ್ಕೆ ಸುಮಾರು 1.2 ಕಿಲೋಮೀಟರ್ ಹಿಂದೆ ಸರಿದಿದೆ ಎಂದು 1998ರಲ್ಲಿ ತೋರಿಸಿದರು. ಈ ಇಡೀ ವಿದ್ಯೆಯಲ್ಲಿ ನನ್ನನ್ನು ಅತಿಯಾಗಿ ಕಾಡುವ ಅಳತೆ ಇದು. ಅಲ್ಲಿ ಹಿಮದ ಮೇಲೆ ನಿಂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹಿಮ ತೀರ ವೇಗವಾಗಿ ಹರಿದರೆ ಪಟ್ಟೆಗಳು ಕಲಸಿಹೋಗುತ್ತವೆ. ಆಗ ಚಿತ್ರದ ಚುಕ್ಕಿಗಳ ವಿನ್ಯಾಸವೇ ಎಷ್ಟು ಸರಿದಿದೆ ಎಂದು ನೋಡುತ್ತಾರೆ. ಗ್ರೀನ್‌ಲ್ಯಾಂಡಿನ ಯಾಕೋಬ್ಸ್‌ಹಾವ್ನ್ ಹಿಮನದಿ 2012ರ ಅದೇ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 46 ಮೀಟರ್ ವೇಗದಲ್ಲಿ ಹರಿದದ್ದು ತಿಳಿದಿರುವುದು ಹೀಗೆ.

ಈ ಸಾಲಿಗೆ ಈಗ ನಿಸಾರ್ ಸೇರಿದೆ. ನಾಸಾದ ಸುಮಾರು 24 ಸೆಂಟಿಮೀಟರ್ ಅಲೆಯ ರಾಡಾರನ್ನೂ ಇಸ್ರೋದ ಸುಮಾರು 9 ಸೆಂಟಿಮೀಟರ್ ಅಲೆಯ ರಾಡಾರನ್ನೂ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಉಪಗ್ರಹದ ಒಡಲಿಗೆ ಜೋಡಿಸಿ, 2025ರ ಜುಲೈ 30ರಂದು ಹಾರಿಸಲಾಯಿತು. 12 ಮೀಟರ್ ಅಗಲದ ಜಾಲರಿ ಆಂಟೆನಾ, 12 ದಿನಕ್ಕೊಮ್ಮೆ ಅದೇ ದಾರಿ. ಅದು ಸಾಗುವ ದಿಕ್ಕಿಗೆ ಎಡಗಡೆಗೆ ನೋಡುವಂತೆ ಇರಿಸಿದ್ದಾರೆ. ಹಾಗೆ ನೋಡಿದರೆ ದಕ್ಷಿಣ ಧ್ರುವದ ಹತ್ತಿರದ ಹಿಮ ಹೆಚ್ಚು ಸಿಗುತ್ತದೆ. ಉದ್ದನೆಯ ಅಲೆ ಸಣ್ಣಪುಟ್ಟ ಹಿಮಪಾತಕ್ಕೆ ಅಳುಕದೆ ಪಟ್ಟೆಗಳನ್ನು ಉಳಿಸಿಕೊಳ್ಳುತ್ತದೆ. ಜೊತೆಗೆ ಇನ್ನೂ ಆಳಕ್ಕೂ ಇಳಿಯುತ್ತದೆ, ಆದ್ದರಿಂದ ಮೇಲ್ಮೈ ಯಾವುದು ಎಂಬ ಹಳೆಯ ಪ್ರಶ್ನೆ ಇಲ್ಲೂ ಬೆನ್ನು ಬಿಡುವುದಿಲ್ಲ.

ನೀವೇ ನೋಡಬೇಕೆಂದರೆ

ಸೆಂಟಿನೆಲ್-1ರ ಚಿತ್ರಗಳು ಐರೋಪ್ಯ ಒಕ್ಕೂಟದ ಕೋಪರ್ನಿಕಸ್ ತಾಣದಲ್ಲಿ ಯಾರಿಗೂ ಉಚಿತ. ಗ್ರೀನ್‌ಲ್ಯಾಂಡಿನ ಒಂದು ಚಳಿಗಾಲದ ಚಿತ್ರವನ್ನೂ ಒಂದು ಜುಲೈ ಚಿತ್ರವನ್ನೂ ತೆಗೆದು ಪಕ್ಕಪಕ್ಕ ಇಡಿ. ಬಿಳುಪನ್ನು ಬೆಳಕೆಂದು ಓದಬೇಡಿ, ತಿರುಗಿ ಬಂದ ಅಲೆಯ ಪ್ರಮಾಣ ಎಂದು ಓದಿ. ತೀರ ಅಪರೂಪಕ್ಕಷ್ಟೇ ಕರಗುವ ನಡುಭಾಗ ಮಂಕಾಗಿರುತ್ತದೆ, ಅಲೆ ಒಳಗೇ ಇಳಿದುಹೋಗಿದೆ. ಅದರ ಸುತ್ತ ಬೇಸಿಗೆಯಲ್ಲಿ ಕರಗಿ ಚಳಿಯಲ್ಲಿ ಹೆಪ್ಪುಗಟ್ಟುವ ಪಟ್ಟಿ ಚಳಿಗಾಲದಲ್ಲಿ ಕಣ್ಣು ಕುಕ್ಕುವಷ್ಟು ಹೊಳೆಯುತ್ತದೆ. ಒಳಗಿನ ಕಲ್ಲುಸಕ್ಕರೆಯಂಥ ಗಡ್ಡೆಗಳು ಅದಕ್ಕೆ ಕಾರಣ. ಜುಲೈ ಚಿತ್ರದಲ್ಲಿ ಅದೇ ಪಟ್ಟಿ ಕಪ್ಪು. ಬಿರುಕುಬಿಟ್ಟ ಹಿಮನದಿಗಳು ಬಿಳಿಯ ಹಗ್ಗಗಳಂತೆ ಕಡಲ ಕಡೆಗೆ ಇಳಿಯುತ್ತವೆ. ಗಡ್ಡೆಗಳ ನಡುವಿನ ನಿಶ್ಚಲ ನೀರು ಇಲ್ಲಿ ಕಪ್ಪಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಎತ್ತರಮಾಪಕಕ್ಕೆ ಕನ್ನಡಿಯಾಗಿದ್ದದ್ದು ಓರೆನೋಟಕ್ಕೆ ಅಲೆಯನ್ನು ಆಚೆಗೆ ಎಸೆದುಬಿಡುತ್ತದೆ. ಗಾಳಿ ಎದ್ದರೆ ಅದೇ ನೀರು ಬಿಳುಪಾಗುತ್ತದೆ.

2012ರಲ್ಲಿ ಕರಗಿ ಹೆಪ್ಪುಗಟ್ಟಿದ ಆ ಪದರ ಗ್ರೀನ್‌ಲ್ಯಾಂಡಿನ ಒಳನಾಡಿನಲ್ಲಿ ಈಗಲೂ ಇದೆ. ಪ್ರತಿ ವರ್ಷ ಬಿದ್ದ ಒಣ ಹಿಮ ಅದನ್ನು ಒತ್ತಿ ಒತ್ತಿ ಹಲವು ಮೀಟರ್ ಕೆಳಕ್ಕೆ ಇಳಿಸಿದೆ. ಅದರ ಮೇಲೆ ಒಣ ಹಿಮ ದಪ್ಪವಾದಂತೆ ರಾಡಾರ್ ಅಲೆ ಮತ್ತೆ ಸ್ವಲ್ಪ ಸ್ವಲ್ಪ ಒಳಗಿಳಿಯತೊಡಗುತ್ತದೆ, ಎತ್ತರದ ಗುರುತೂ ಕೆಳಗೆ ಜಾರುತ್ತದೆ. 2021ರ ಆಗಸ್ಟ್ 14ರಂದು ಸಮ್ಮಿಟ್ ನೆಲೆಯಲ್ಲಿ ಮಳೆ ಬಿತ್ತು. ಆ ನೀರೂ ಹೆಪ್ಪುಗಟ್ಟಿ ಇನ್ನೊಂದು ಪದರವಾಗಿದೆ. ಅಲ್ಲಿ ಗುಂಡಿ ತೋಡುವವರ ಸನಿಕೆಗೆ ಸಿಗುವ ಗಡ್ಡೆಗಳಲ್ಲಿ ಅದೂ ಒಂದು.